ಲಾರಿಯ ಹಿಂದೆ ಎಳೆಯುವ ಗಾಡಿಗೆ ದೀಪ: ತಂತಿ ಜೋಡಣೆ, ಕಾನೂನು ಮತ್ತು ವಿಮೆ

ಲೆಕ್ಕ ತಪಾಸಣೆಯ ಸಂದರ್ಭದಲ್ಲಿ ಒಬ್ಬ ವರ್ತಕರ ನಗದು ಪುಸ್ತಕದಲ್ಲಿ ‘ವಾಹನ ದುರಸ್ತಿ’ ಎಂಬ ಶೀರ್ಷಿಕೆಯಡಿ ಅಸಹಜವಾದ ಒಂದು ದೊಡ್ಡ ಮೊತ್ತ ಕಂಡುಬಂದಿತು. ವೋಚರುಗಳನ್ನು ಕೇಳಿದಾಗ ಕೈಗೆ ಬಂದವು ಗ್ಯಾರೇಜಿನ ಬಿಲ್ಲುಗಳಲ್ಲ, ಆಸ್ಪತ್ರೆಯ ಬಿಲ್ಲುಗಳು. ವಿಚಾರಿಸಿದಾಗ ತಿಳಿದ ಸಂಗತಿ ಹೀಗಿದೆ. ಅವರು ಸಭೆ ಸಮಾರಂಭಗಳಿಗೆ ಜನರೇಟರುಗಳನ್ನು ಬಾಡಿಗೆಗೆ ಕೊಡುವವರು. ನಾಲ್ಕು ಚಕ್ರದ ಟ್ರೇಲರೊಂದನ್ನು ಮಾಡಿಸಿ, ಅದರ ಮೇಲೆ ಜನರೇಟರನ್ನು ಕೂಡಿಸಿ, ತಮ್ಮ ಲಾರಿಯ ಹಿಂದೆ ಕಟ್ಟಿ ಕಳುಹಿಸುತ್ತಿದ್ದರು. ಜನರೇಟರಿನ ಬ್ಯಾಟರಿ 12 ವೋಲ್ಟಿನದು ಎಂಬ ಕಾರಣಕ್ಕೆ ಟ್ರೇಲರಿನ ಹಿಂಬದಿಗೆ 12 ವೋಲ್ಟಿನ ಬಲ್ಬುಗಳನ್ನೇ ಹಾಕಲಾಗಿತ್ತು. ಎಳೆಯುವ ಲಾರಿಯದು 24 ವೋಲ್ಟ್. ಮೊದಲ ರಾತ್ರಿಯ ಪ್ರಯಾಣದಲ್ಲಿ, ಊರ ಗಡಿ ದಾಟುವ ಮೊದಲೇ ಬಲ್ಬುಗಳು ಸುಟ್ಟುಹೋದವು. ಚಾಲಕನಿಗೆ ಅದು ತಿಳಿಯಲಿಲ್ಲ. ಕತ್ತಲಲ್ಲಿ ಹಿಂದಿನಿಂದ ಬಂದ ಬೈಕ್ ಸವಾರನೊಬ್ಬ ಟ್ರೇಲರಿಗೆ ಡಿಕ್ಕಿ ಹೊಡೆದು ತೊಡೆಯ ಮೂಳೆ ಮುರಿದುಕೊಂಡ. ಟ್ರೇಲರಿಗೆ ನೋಂದಣಿಯೂ ಇರಲಿಲ್ಲ, ವಿಮೆಯೂ ಇರಲಿಲ್ಲ. ಚಿಕಿತ್ಸೆಯ ಖರ್ಚನ್ನು ಮಾಲೀಕರೇ ಭರಿಸಬೇಕಾಯಿತು. ಆ ಯುವಕ ಆರು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ.

ಕೆಲವೇ ನೂರು ರೂಪಾಯಿಗಳ ಬಲ್ಬುಗಳು ಸರಿಯಾದವಾಗಿದ್ದರೆ ಇಷ್ಟೂ ತಪ್ಪುತ್ತಿತ್ತು. ಜನರೇಟರು, ಕಂಪ್ರೆಸರು, ನೀರಿನ ಟ್ಯಾಂಕು ಮುಂತಾದವನ್ನು ಟ್ರೇಲರಿನ ಮೇಲೆ ಸಾಗಿಸುವ ಸದಸ್ಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕೆಟ್ಟುನಿಂತ ಕಾರನ್ನೋ ಪಿಕಪ್ಪನ್ನೋ ಸ್ವಂತ ಲಾರಿಯ ಹಿಂದೆ ಕಟ್ಟಿ ತರುವ ಪ್ರಸಂಗ ಎಲ್ಲರಿಗೂ ಒಮ್ಮೆಯಾದರೂ ಬರುತ್ತದೆ. ಆದ್ದರಿಂದ ಈ ವಿಷಯದ ಕಾನೂನು, ವಿದ್ಯುತ್ತು ಮತ್ತು ವಿಮೆ ಈ ಮೂರು ಮುಖಗಳನ್ನೂ ಪ್ರಸ್ತುತ ಲೇಖನದಲ್ಲಿ ಒಟ್ಟಿಗೆ ವಿವರಿಸಲಾಗಿದೆ. ತಂತಿ ಜೋಡಿಸುವವನು ಆಟೋ ಎಲೆಕ್ಟ್ರಿಷಿಯನ್ನನೇ ಆದರೂ, ಏನನ್ನು ಕೇಳಬೇಕು, ಏನನ್ನು ಪರೀಕ್ಷಿಸಬೇಕು ಎಂಬುದು ಮಾಲೀಕನಿಗೆ ತಿಳಿದಿರಬೇಕು.

ಏನನ್ನು ಎಳೆಯಬಹುದು?

ಅಮೆರಿಕದಲ್ಲಿ ಸ್ವಂತ ಲಾರಿ ಇಟ್ಟುಕೊಂಡು ದುಡಿಯುವ ಚಾಲಕರಲ್ಲಿ ಕೆಲವರು, ಹಿಂದೆ ಸರಕಿನ ಟ್ರೇಲರ್ ಇಲ್ಲದಿರುವಾಗ ತಮ್ಮ ಕಾರನ್ನೇ ಲಾರಿಯ ಹಿಂದೆ ಕಟ್ಟಿಕೊಂಡು ಮನೆಗೆ ಹೋಗುವುದುಂಟು. ನಮ್ಮ ದೇಶದಲ್ಲಿ ಸುಸ್ಥಿತಿಯಲ್ಲಿರುವ ಕಾರನ್ನು ಅನುಕೂಲಕ್ಕಾಗಿ ಹೀಗೆ ಎಳೆಯುವಂತಿಲ್ಲ. 1989ರ ರಸ್ತೆ ನಿಯಮಗಳಲ್ಲಿಯೂ, ಅವುಗಳ ಸ್ಥಾನದಲ್ಲಿ ಬಂದ 2017ರ ಮೋಟಾರು ವಾಹನ (ಚಾಲನೆ) ನಿಯಮಾವಳಿಯಲ್ಲಿಯೂ ಎಳೆಯಲು ಅವಕಾಶವಿರುವುದು ಮುಖ್ಯವಾಗಿ ಮೂರು ಬಗೆಯ ವಾಹನಗಳಿಗೆ ಮಾತ್ರ: ಯಾಂತ್ರಿಕವಾಗಿ ಕೆಟ್ಟುಹೋದ ವಾಹನ, ಪೂರ್ಣವಾಗಿ ಜೋಡಣೆಯಾಗದ ವಾಹನ, ಮತ್ತು ನೋಂದಣಿಯಾದ ಟ್ರೇಲರು. ಕೆಟ್ಟ ವಾಹನವನ್ನು ಎಳೆಯುವುದೂ ಹತ್ತಿರದ ಗ್ಯಾರೇಜಿನವರೆಗೆ ಎಂಬ ಉದ್ದೇಶದಿಂದಲೇ ಹೊರತು ಊರಿಂದೂರಿಗೆ ಸಾಗಿಸುವುದಕ್ಕಲ್ಲ.

ಕೆಟ್ಟ ವಾಹನವನ್ನು ಎಳೆಯುವಾಗ ಅದರ ಚಾಲಕನ ಆಸನದಲ್ಲಿ ಲೈಸೆನ್ಸ್ ಉಳ್ಳವನೊಬ್ಬ ಇರಬೇಕು. ಇಲ್ಲವಾದರೆ ಅದರ ಮುಂಗಾಲಿಗಳನ್ನು ಕ್ರೇನಿನಿಂದಲೋ ಬೇರೆ ಸಾಧನದಿಂದಲೋ ನೆಲದಿಂದ ಮೇಲೆತ್ತಿ ಭದ್ರಪಡಿಸಿರಬೇಕು. ಎರಡು ವಾಹನಗಳ ನಡುವಿನ ಅಂತರ ಐದು ಮೀಟರನ್ನು ಮೀರಬಾರದು. ಹಗ್ಗ ಅಥವಾ ಸರಪಳಿ ಇತರರಿಗೆ ಎದ್ದು ಕಾಣುವಂತಿರಬೇಕು. ‘ಆನ್ ಟೋ’ ಎಂಬ ಫಲಕವನ್ನು ಹಿಂಬದಿಗೆ ಕಟ್ಟಬೇಕು.

ಟ್ರೇಲರಿನ ವಿಚಾರದಲ್ಲಿ ಸದಸ್ಯರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ‘ಅದಕ್ಕೆ ಎಂಜಿನ್ ಇಲ್ಲ, ಆದ್ದರಿಂದ ಅದು ವಾಹನವಲ್ಲ’ ಎಂಬುದೇ ಆ ತಿಳಿವಳಿಕೆ. 1988ರ ಮೋಟಾರು ವಾಹನ ಕಾಯಿದೆಯ 2ನೆಯ ಕಲಮಿನ ವ್ಯಾಖ್ಯೆಯಂತೆ ‘ಮೋಟಾರು ವಾಹನ’ ಎಂಬ ಪದದಲ್ಲಿ ಟ್ರೇಲರೂ ಸೇರುತ್ತದೆ. ಆದ್ದರಿಂದ ಸಾರ್ವಜನಿಕ ರಸ್ತೆಗೆ ಇಳಿಯುವ ಟ್ರೇಲರಿಗೆ ಪ್ರತ್ಯೇಕ ನೋಂದಣಿಯೂ ಬೇಕು, ವಿಮೆಯೂ ಬೇಕು.

ಹಿಂಬದಿಗೆ ಬೇಕಾದ ದೀಪಗಳು

ಲಾರಿಯ ಹಿಂದೆ ಮತ್ತೊಂದು ಗಾಡಿ ಬಂದೊಡನೆ ಲಾರಿಯ ಸ್ವಂತ ಹಿಂದೀಪಗಳು ಮರೆಯಾಗುತ್ತವೆ. ಹಿಂದಿನಿಂದ ಬರುವವನಿಗೆ ಕಾಣುವುದು ಕೊನೆಯ ಗಾಡಿ ಮಾತ್ರ. ಆದ್ದರಿಂದ ಲಾರಿ ಹೇಳಬೇಕಾದುದನ್ನೆಲ್ಲ ಕೊನೆಯ ಗಾಡಿಯ ದೀಪಗಳು ಹೇಳಬೇಕು. ಅವು ಇವು:

1. ಕೆಂಪು ಹಿಂದೀಪ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೆಯ ನಿಯಮದಂತೆ ಇದು 155 ಮೀಟರ್ ದೂರದಿಂದ ಕಾಣಬೇಕು.
2. ನೋಂದಣಿ ಫಲಕದ ಬಿಳಿ ದೀಪ. ಸಂಖ್ಯೆಯನ್ನು 15 ಮೀಟರ್ ದೂರದಿಂದ ಓದಲು ಸಾಧ್ಯವಾಗಬೇಕು.
3. ಬ್ರೇಕ್ ಒತ್ತಿದಾಗ ಹತ್ತುವ ಕೆಂಪು ದೀಪಗಳು.
4. ಎಡ ಮತ್ತು ಬಲ ಇಂಡಿಕೇಟರುಗಳು. ಇವು ಕಿತ್ತಳೆ ಬಣ್ಣದವು. ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು.
5. ಕೆಂಪು ಪ್ರತಿಫಲಕಗಳು. ಇವಕ್ಕೆ ತಂತಿಯೂ ಬೇಡ, ಬಲ್ಬೂ ಬೇಡ.

155 ಮೀಟರ್ ಎಂಬ ಅಂಕಿ ಕೇವಲ ಕಾಗದದ ಮೇಲಿನ ಅಂಕಿಯಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಬೈಕ್ ಸೆಕೆಂಡಿಗೆ ಸುಮಾರು 16.7 ಮೀಟರ್ ಕ್ರಮಿಸುತ್ತದೆ. 155 ಮೀಟರ್ ದೂರದಲ್ಲಿ ಕೆಂಪು ದೀಪ ಕಂಡರೆ ಸವಾರನಿಗೆ ಒಂಬತ್ತು ಸೆಕೆಂಡಿಗೂ ಹೆಚ್ಚಿನ ಅವಕಾಶ ಸಿಗುತ್ತದೆ. ದೀಪವಿಲ್ಲದೆ, ಅವನ ಬೈಕಿನ ಡಿಮ್ ಬೆಳಕಿನಲ್ಲೇ 40 ಮೀಟರ್ ದೂರದಿಂದ ಗಾಡಿ ಕಾಣುವುದೆಂದು ಇಟ್ಟುಕೊಂಡರೂ ಉಳಿಯುವುದು ಎರಡೂವರೆ ಸೆಕೆಂಡಿಗಿಂತ ಕಡಿಮೆ. ಮೇಲೆ ಹೇಳಿದ ಯುವಕನಿಗೆ ಸಿಕ್ಕಿದ್ದು ಅಷ್ಟೇ.

12 ವೋಲ್ಟ್ ಮತ್ತು 24 ವೋಲ್ಟ್: ಗೊಂದಲದ ಮೂಲ

ನಮ್ಮಲ್ಲಿ ಮಧ್ಯಮ ಮತ್ತು ಭಾರೀ ಲಾರಿಗಳಲ್ಲಿ ಬಹುಪಾಲಿನ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ ಇದನ್ನು ಪಡೆಯಲಾಗುತ್ತದೆ. ಕಾರು, ಜೀಪು, ಸಣ್ಣ ಪಿಕಪ್ಪುಗಳು ಮತ್ತು ಕೃಷಿ ಟ್ರ್ಯಾಕ್ಟರುಗಳದು 12 ವೋಲ್ಟ್. ಅಂದರೆ ಲಾರಿಯ ಹಿಂದೆ ಕಾರನ್ನು ಕಟ್ಟಿದಾಗ ಎರಡು ಬೇರೆ ಬೇರೆ ವ್ಯವಸ್ಥೆಗಳು ಒಂದಕ್ಕೊಂದು ಎದುರಾಗುತ್ತವೆ.

ಬ್ರೇಕ್ ದೀಪಕ್ಕೆ ಸಾಮಾನ್ಯವಾಗಿ ಬಳಸುವ 21 ವ್ಯಾಟ್‌ನ 12 ವೋಲ್ಟ್ ಬಲ್ಬನ್ನು ತೆಗೆದುಕೊಳ್ಳೋಣ. ಅದರ ಮೂಲಕ ಹರಿಯುವ ವಿದ್ಯುತ್ತು 1.75 ಆಂಪಿಯರ್. ಅದೇ ಬಲ್ಬಿಗೆ 24 ವೋಲ್ಟ್ ಕೊಟ್ಟರೆ ಒತ್ತಡ ಎರಡರಷ್ಟಾದಾಗ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬ ಲೆಕ್ಕದಲ್ಲಿ 84 ವ್ಯಾಟ್ ಬೀಳುತ್ತದೆ. ಬಲ್ಬಿನೊಳಗಿನ ಎಳೆ ಅದನ್ನು ತಾಳಲಾರದು. ಕ್ಷಣಕಾಲ ಪ್ರಖರವಾಗಿ ಬೆಳಗಿ ಸುಟ್ಟುಹೋಗುತ್ತದೆ. ಶೆಡ್ಡಿನಲ್ಲಿ ಒಂದು ಕ್ಷಣ ಸ್ವಿಚ್ ಹಾಕಿ ‘ದೀಪ ಹತ್ತಿತು’ ಎಂದು ಸಮಾಧಾನಪಟ್ಟುಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ತದ್ವಿರುದ್ಧವಾಗಿ 24 ವೋಲ್ಟಿನ ಬಲ್ಬಿಗೆ 12 ವೋಲ್ಟ್ ಕೊಟ್ಟರೆ ಅದು ಸುಡುವುದಿಲ್ಲ. ಕೆಂಡದಂತೆ ಮಂಕಾಗಿ ಉರಿಯುತ್ತದೆ. ಹಗಲಿನಲ್ಲಿ ಕಾಣುವುದೇ ಇಲ್ಲ.

ಮಾಡಬಾರದ ಮೂರು ಉಪಾಯಗಳು

ಈ ತೊಡಕಿಗೆ ರಸ್ತೆ ಬದಿಯ ಅಂಗಡಿಗಳಲ್ಲಿ ಮೂರು ಅಗ್ಗದ ಉಪಾಯಗಳು ರೂಢಿಯಲ್ಲಿವೆ. ಮೂರೂ ದೋಷಪೂರ್ಣವಾದವು.

ಮೊದಲನೆಯದು, ಲಾರಿಯ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ತಂತಿ ಎಳೆದು 12 ವೋಲ್ಟ್ ಪಡೆಯುವುದು. ದೀಪ ಸರಿಯಾಗಿಯೇ ಹತ್ತುತ್ತದೆ. ಆದರೆ ಆ ಒಂದು ಬ್ಯಾಟರಿ ಮಾತ್ರ ಖಾಲಿಯಾಗುತ್ತ ಹೋಗುತ್ತದೆ. ಆಲ್ಟರ್ನೇಟರಾದರೋ ಎರಡನ್ನೂ ಒಂದೇ ಎಂದು ಭಾವಿಸಿ ಚಾರ್ಜ್ ಮಾಡುತ್ತದೆ. ಪರಿಣಾಮವಾಗಿ ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿರುತ್ತದೆ, ಮತ್ತೊಂದು ಅತಿಯಾಗಿ ಚಾರ್ಜಾಗಿ ನೀರು ಕುದಿಸುತ್ತದೆ. ಕೆಲವೇ ತಿಂಗಳಲ್ಲಿ ಜೋಡಿ ಬ್ಯಾಟರಿ ಬದಲಿಸುವ ಖರ್ಚು ಎದುರಾಗುತ್ತದೆ.

ಎರಡನೆಯದು, 12 ವೋಲ್ಟಿನ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟಿಗೆ ಕೊಡುವುದು. ಎರಡೂ ಒಂದೇ ವ್ಯಾಟಿನವಾಗಿದ್ದರೆ ಒತ್ತಡ ಸಮನಾಗಿ ಹಂಚಿಹೋಗುತ್ತದೆ. ಆದರೆ ಒಂದು ಬಲ್ಬು ಕೆಟ್ಟೊಡನೆ ಇನ್ನೊಂದೂ ಆರುತ್ತದೆ. ಎಡಬಲದ ಬ್ರೇಕ್ ದೀಪಗಳು ಎರಡಿರುವುದೇ ಒಂದು ಕೆಟ್ಟರೆ ಇನ್ನೊಂದು ಉಳಿಯಲಿ ಎಂದು. ಈ ಜೋಡಣೆ ಆ ಉದ್ದೇಶವನ್ನೇ ಇಲ್ಲವಾಗಿಸುತ್ತದೆ.

ಮೂರನೆಯದು, ಎಳೆಯಲ್ಪಡುವ ಕಾರಿನ ಸ್ವಂತ ತಂತಿಗಳಿಗೆ ಲಾರಿಯ ತಂತಿಗಳನ್ನು ನೇರವಾಗಿ ಹೆಣೆಯುವುದು. ಕಾರಿನ ದೀಪದ ತಂತಿಗಳು ಸ್ವಿಚ್ಚು, ಫ್ಯೂಸು, ಮತ್ತು ಈಗಿನ ಕಾರುಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಕಗಳೊಂದಿಗೆ ಸೇರಿಕೊಂಡಿರುತ್ತವೆ. 24 ವೋಲ್ಟ್ ಆ ದಾರಿಯಲ್ಲಿ ಹಿಮ್ಮುಖವಾಗಿ ಹರಿದರೆ ಸುಡುವುದು ಬಲ್ಬು ಮಾತ್ರವಲ್ಲ. ನಿಯಂತ್ರಕದ ಬೆಲೆಯ ಮುಂದೆ ಬಲ್ಬಿನ ಬೆಲೆ ಲೆಕ್ಕಕ್ಕೇ ಬಾರದು.

ಸರಿಯಾದ ಮಾರ್ಗಗಳು

*ಸ್ವಂತ ಟ್ರೇಲರಿಗೆ.* ಒಂದೇ ಲಾರಿ ಸದಾ ಎಳೆಯುವುದಾದರೆ ಟ್ರೇಲರಿಗೆ 24 ವೋಲ್ಟಿನ ಬಲ್ಬುಗಳನ್ನೇ ಹಾಕಿಸಬೇಕು. ಟ್ರೇಲರಿನ ಮೇಲಿರುವ ಜನರೇಟರಿನ ಬ್ಯಾಟರಿ ಎಷ್ಟು ವೋಲ್ಟಿನದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಮ್ಮೆ ಲಾರಿ, ಇನ್ನೊಮ್ಮೆ ಪಿಕಪ್ಪು ಅಥವಾ ಟ್ರ್ಯಾಕ್ಟರು ಎಳೆಯುವುದಾದರೆ 10ರಿಂದ 30 ವೋಲ್ಟಿನವರೆಗೆ ಕೆಲಸ ಮಾಡುವ ಎಲ್‌ಇಡಿ ದೀಪಗಳು ದೊರೆಯುತ್ತವೆ. ಅವನ್ನು ಹಾಕಿಸುವುದು ಲೇಸು. ಕೊಳ್ಳುವಾಗ ದೀಪದ ಮೇಲೆ ಮುದ್ರಿಸಿದ ವೋಲ್ಟನ್ನು ಓದಿ ಕೊಳ್ಳಬೇಕು. 12 ವೋಲ್ಟಿಗೆ ಮಾತ್ರ ಸಲ್ಲುವ ಎಲ್‌ಇಡಿಗಳೂ ಮಾರುಕಟ್ಟೆಯಲ್ಲಿ ಇವೆ.

*ಕೆಟ್ಟುನಿಂತ ಕಾರಿಗೆ.* ಅತ್ಯಂತ ಸರಳವಾದುದು ಪ್ರತ್ಯೇಕ ದೀಪದ ಹಲಗೆ. ಒಂದೂವರೆ ಮೀಟರಿನಷ್ಟು ಉದ್ದದ ಹಲಗೆಯ ಎರಡು ತುದಿಗಳಿಗೆ 24 ವೋಲ್ಟಿನ ಹಿಂದೀಪ, ಬ್ರೇಕ್ ದೀಪ, ಇಂಡಿಕೇಟರುಗಳನ್ನು ಕೂಡಿಸಿ, ಪ್ರತಿಫಲಕಗಳನ್ನು ಅಂಟಿಸಿ, ಉದ್ದನೆಯ ಕೇಬಲ್ಲು ಮತ್ತು ಪ್ಲಗ್ಗನ್ನು ಜೋಡಿಸಿಟ್ಟುಕೊಳ್ಳುವುದು. ಬೇಕಾದಾಗ ಅದನ್ನು ಕಾರಿನ ಹಿಂಬದಿಗೆ ಕಟ್ಟಿ, ಕೇಬಲ್ಲನ್ನು ಕಾರಿನ ಮೇಲಿನಿಂದ ತಂದು ಲಾರಿಯ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು. ಕಾರಿನ ಒಂದು ತಂತಿಯನ್ನೂ ಮುಟ್ಟಬೇಕಾಗಿಲ್ಲ. ನಾಲ್ಕಾರು ವಾಹನಗಳುಳ್ಳ ಸಂಸ್ಥೆ ಇಂತಹ ಒಂದು ಹಲಗೆಯನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುವುದು ದುಬಾರಿಯೇನಲ್ಲ.

ಕಾರಿನ ಬ್ಯಾಟರಿ ಚೆನ್ನಾಗಿದ್ದು, ಚಾಲಕ ಒಳಗೆ ಕುಳಿತಿದ್ದರೆ ಕಾರಿನ ಸ್ವಂತ ಹಿಂದೀಪಗಳನ್ನೂ ಬಳಸಬಹುದು. ಅವನು ಬ್ರೇಕ್ ಒತ್ತಿದಾಗ ಬ್ರೇಕ್ ದೀಪವೂ ಹತ್ತುತ್ತದೆ. ಆದರೆ ಲಾರಿ ತಿರುಗುವಾಗ ಕಾರಿನವನೂ ನೆನಪಿಟ್ಟು ಇಂಡಿಕೇಟರ್ ಹಾಕಬೇಕು. ನಾಲ್ಕೂ ಇಂಡಿಕೇಟರುಗಳನ್ನು ಒಟ್ಟಿಗೆ ಮಿನುಗಿಸುತ್ತ ಹೋದರೆ ಗಾಡಿ ಯಾವ ಕಡೆಗೆ ತಿರುಗುತ್ತದೆ ಎಂಬುದು ಹಿಂದಿನವನಿಗೆ ತಿಳಿಯದು.

*12 ವೋಲ್ಟಿನ ದೀಪಗಳನ್ನೇ ಉಳಿಸಿಕೊಳ್ಳಬೇಕಾದರೆ.* 24 ವೋಲ್ಟನ್ನು 12ಕ್ಕೆ ಇಳಿಸುವ ಪರಿವರ್ತಕ ಬೇಕು. ಅದರ ಸಾಮರ್ಥ್ಯವನ್ನು ಲೆಕ್ಕ ಹಾಕಿ ಕೊಳ್ಳಬೇಕು. ಹಿಂದೀಪ ಎರಡು, ತಲಾ 5 ವ್ಯಾಟ್. ಫಲಕದ ದೀಪ 5. ಬ್ರೇಕ್ ದೀಪ ಎರಡು, ತಲಾ 21. ಇಂಡಿಕೇಟರ್ ಎರಡು, ತಲಾ 21. ಒಟ್ಟು 99 ವ್ಯಾಟ್. 12 ವೋಲ್ಟಿನಲ್ಲಿ ಇದು ಸುಮಾರು ಎಂಟೂಕಾಲು ಆಂಪಿಯರ್. ಆದ್ದರಿಂದ 10 ಆಂಪಿಯರಿಗೆ ಕಡಿಮೆಯಿಲ್ಲದ, ಸಾಧ್ಯವಾದರೆ 15 ಆಂಪಿಯರಿನ ಪರಿವರ್ತಕ ಬೇಕು. ದೀಪಗಳೆಲ್ಲ ಬೇರೆ ಬೇರೆ ಹೊತ್ತಿನಲ್ಲಿ ಹತ್ತುವುದರಿಂದ, ಪರಿವರ್ತಕದ 12 ವೋಲ್ಟನ್ನು ನಾಲ್ಕು ರಿಲೇಗಳ ಮೂಲಕ ಹಂಚಬೇಕು: ಹಿಂದೀಪಕ್ಕೊಂದು, ಬ್ರೇಕಿಗೊಂದು, ಎಡಕ್ಕೊಂದು, ಬಲಕ್ಕೊಂದು. ರಿಲೇಯ ಸುರುಳಿ 24 ವೋಲ್ಟಿನದಾಗಿದ್ದು ಲಾರಿಯ ಆಜ್ಞೆಯಂತೆ ಕೆಲಸ ಮಾಡುತ್ತದೆ.

ಏಳು ಪಿನ್ನುಗಳ ಸಾಕೆಟ್ಟು

24 ವೋಲ್ಟಿನ ವಾಹನಗಳಿಗೆ ಐಎಸ್‌ಒ 1185 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರ ಪಿನ್ನುಗಳ ಕ್ರಮ ಹೀಗಿದೆ:

1ನೆಯ ಪಿನ್ – ಬಿಳಿ – ಅರ್ಥ್
2ನೆಯ ಪಿನ್ – ಕಪ್ಪು – ಎಡ ಹಿಂದೀಪ
3ನೆಯ ಪಿನ್ – ಹಳದಿ – ಎಡ ಇಂಡಿಕೇಟರ್
4ನೆಯ ಪಿನ್ – ಕೆಂಪು – ಬ್ರೇಕ್ ದೀಪ
5ನೆಯ ಪಿನ್ – ಹಸಿರು – ಬಲ ಇಂಡಿಕೇಟರ್
6ನೆಯ ಪಿನ್ – ಕಂದು – ಬಲ ಹಿಂದೀಪ
7ನೆಯ ಪಿನ್ – ನೀಲಿ – ಟ್ರೇಲರ್ ಬ್ರೇಕ್ ನಿಯಂತ್ರಣ

12 ವೋಲ್ಟಿನ ವಾಹನಗಳ ಮಾನಕವಾದ ಐಎಸ್‌ಒ 1724ರಲ್ಲಿಯೂ ಪಿನ್ನುಗಳು ಏಳೇ ಇದ್ದರೂ ಕ್ರಮ ಬೇರೆ. ಅಲ್ಲಿ 1ನೆಯದು ಎಡ ಇಂಡಿಕೇಟರ್, 3ನೆಯದು ಅರ್ಥ್. ಎರಡನ್ನೂ ಒಂದೇ ಎಂದು ತಿಳಿದು ತಂತಿ ಜೋಡಿಸಿದರೆ ಇಂಡಿಕೇಟರ್ ಹಾಕಿದಾಗ ಫ್ಯೂಸ್ ಹಾರುತ್ತದೆ.

ಅಮೆರಿಕದ ನಕ್ಷೆಗಳನ್ನು ಮುದ್ರಿಸಿಕೊಂಡು ತಂದು ಅದರಂತೆ ಕೆಲಸ ಮಾಡಿಸುವವರೂ ಈಗ ಇದ್ದಾರೆ. ಅಲ್ಲಿನ ಲಾರಿಗಳ ಮಾನಕ ಎಸ್‌ಎಇ ಜೆ 560. ಅಲ್ಲಿಯೂ ಏಳು ಪಿನ್ನುಗಳು. ಬಿಳಿ, ಹಳದಿ, ಕೆಂಪು, ಹಸಿರುಗಳ ಅರ್ಥವೂ ನಮ್ಮ ಪಟ್ಟಿಯಂತೆಯೇ. ಸಾಮ್ಯ ಅಲ್ಲಿಗೆ ಮುಗಿಯುತ್ತದೆ. ಕಂದು ತಂತಿ ಅಲ್ಲಿ ಎರಡೂ ಬದಿಯ ಹಿಂದೀಪಗಳಿಗೆ, ಕಪ್ಪು ತಂತಿ ಅಂಚಿನ ಗುರುತು ದೀಪಗಳಿಗೆ, ನೀಲಿ ತಂತಿ ಟ್ರೇಲರಿನ ಎಬಿಎಸ್ ಬ್ರೇಕಿನ ವಿದ್ಯುತ್ತಿಗೆ. ಅಲ್ಲಿನ ಲಾರಿಯ ದೀಪಗಳೂ ಕಾರಿನ ದೀಪಗಳೂ 12 ವೋಲ್ಟಿನವೇ ಆದ್ದರಿಂದ ನಮ್ಮ ಮುಖ್ಯ ತೊಡಕು ಅವರಿಗಿಲ್ಲ. ಅವರ ತೊಡಕೇ ಬೇರೆ. ಅಲ್ಲಿನ ಅನೇಕ ಕಾರುಗಳಲ್ಲಿ ಒಂದೇ ಕೆಂಪು ದೀಪ ಬ್ರೇಕನ್ನೂ ಸೂಚಿಸುತ್ತದೆ, ತಿರುವನ್ನೂ ಸೂಚಿಸುತ್ತದೆ. ಲಾರಿಯಲ್ಲಾದರೋ ಎರಡಕ್ಕೂ ಪ್ರತ್ಯೇಕ ತಂತಿಗಳು. ಇವನ್ನು ಕೂಡಿಸಲು ಒಂದು ಪರಿವರ್ತಕ ಪೆಟ್ಟಿಗೆ ಅವರಿಗೆ ಅನಿವಾರ್ಯ. ನಮ್ಮಲ್ಲಿ ಇಂಡಿಕೇಟರು ಕಿತ್ತಳೆ ಬಣ್ಣದ ಪ್ರತ್ಯೇಕ ದೀಪವಾದ್ದರಿಂದ ಆ ಪೆಟ್ಟಿಗೆ ಬೇಕಾಗಿಲ್ಲ. ಅವರ ನಕ್ಷೆಯನ್ನು ನೋಡಿ ಅದನ್ನು ಕೊಂಡವನು ವೃಥಾ ಖರ್ಚು ಮಾಡಿದಂತೆ.

ಮಾನಕ ಏನೇ ಇರಲಿ, ಹಳೆಯ ಲಾರಿಗಳಲ್ಲಿ ಸಾಕೆಟ್ಟನ್ನು ನಂತರ ಯಾರೋ ಕೂಡಿಸಿರುತ್ತಾರೆ. ತಂತಿಯ ಬಣ್ಣವನ್ನು ನಂಬದೆ, ಪ್ರತಿಯೊಂದು ಪಿನ್ನನ್ನೂ ಟೆಸ್ಟ್ ಲ್ಯಾಂಪಿನಿಂದಲೋ ಮಲ್ಟಿಮೀಟರಿನಿಂದಲೋ ಪರೀಕ್ಷಿಸಿ ಬರೆದಿಟ್ಟುಕೊಂಡ ಬಳಿಕವೇ ಪ್ಲಗ್ ಜೋಡಿಸಬೇಕು.

ಅರ್ಥ್ ಮತ್ತು ತಂತಿಯ ದಪ್ಪ

ದೀಪಗಳ ದೂರುಗಳಲ್ಲಿ ಹೆಚ್ಚಿನವು ಅರ್ಥ್ ಸರಿಯಿಲ್ಲದ್ದರಿಂದ ಬರುವಂಥವು. ‘ಟ್ರೇಲರಿನ ಕಬ್ಬಿಣ ಲಾರಿಯ ಕಬ್ಬಿಣಕ್ಕೆ ತಗುಲಿಯೇ ಇದೆಯಲ್ಲ’ ಎಂದು ಅರ್ಥ್ ತಂತಿಯನ್ನು ಬಿಟ್ಟುಬಿಡುವುದುಂಟು. ಕೊಂಡಿಯ ಜಾಗದಲ್ಲಿ ಗ್ರೀಸು, ತುಕ್ಕು, ಧೂಳು ತುಂಬಿರುತ್ತದೆ. ಗಾಡಿ ಕುಲುಕಿದಂತೆಲ್ಲ ಸಂಪರ್ಕ ತಪ್ಪುತ್ತದೆ. ಕೇಬಲ್ಲಿನೊಳಗೇ ಒಂದು ಪ್ರತ್ಯೇಕ ಅರ್ಥ್ ತಂತಿ, ಇತರ ತಂತಿಗಳಿಗಿಂತ ದಪ್ಪನಾದುದು, ಇರಲೇಬೇಕು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಹತ್ತಿಕೊಂಡರೆ, ಅಥವಾ ಇಂಡಿಕೇಟರ್ ಹಾಕಿದಾಗ ಹಿಂದೀಪವೂ ಜೊತೆಗೆ ಮಿನುಗಿದರೆ, ಬಲ್ಬು ಬದಲಿಸುವ ಮೊದಲು ಅರ್ಥನ್ನು ನೋಡಬೇಕು. ಹಿಂತಿರುಗುವ ದಾರಿ ಸಿಗದ ವಿದ್ಯುತ್ತು ಬೇರೆ ದೀಪದ ಮೂಲಕ ದಾರಿ ಮಾಡಿಕೊಳ್ಳುವುದೇ ಇದಕ್ಕೆ ಕಾರಣ.

ತಂತಿಯ ದಪ್ಪದಲ್ಲಿ ಉಳಿತಾಯ ಮಾಡಿದರೆ ಬೆಳಕಿನಲ್ಲಿ ನಷ್ಟವಾಗುತ್ತದೆ. ಒಂದು ಉದಾಹರಣೆ ನೋಡೋಣ. 12 ಮೀಟರ್ ಉದ್ದದ ಕೇಬಲ್ಲು. ಹೋಗಿಬರುವ ದಾರಿ ಸೇರಿ 24 ಮೀಟರ್. ಬ್ರೇಕ್ ದೀಪಗಳೆರಡೂ ಸೇರಿ 42 ವ್ಯಾಟ್. 12 ವೋಲ್ಟಿನ ವ್ಯವಸ್ಥೆಯಲ್ಲಿ ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದರೆ ದೀಪದ ಬಳಿ ತಲುಪುವುದು ಸುಮಾರು 9.4 ವೋಲ್ಟ್ ಮಾತ್ರ. ಒತ್ತಡ ಸ್ವಲ್ಪ ಇಳಿದರೂ ಬಲ್ಬಿನ ಬೆಳಕು ಬಹಳಷ್ಟು ಇಳಿಯುತ್ತದೆ. ಇಲ್ಲಿ ಅರ್ಧಕ್ಕಿಂತ ಕಡಿಮೆ ಬೆಳಕು ಉಳಿಯುತ್ತದೆ. ಒಂದೂವರೆ ಚದರ ಮಿಲಿಮೀಟರಿನ ತಂತಿಯಾದರೆ ಸುಮಾರು 11 ವೋಲ್ಟ್ ತಲುಪುತ್ತದೆ, ಬೆಳಕಿನಲ್ಲಿ ಕಾಲುಭಾಗದಷ್ಟು ಮಾತ್ರ ನಷ್ಟ. 24 ವೋಲ್ಟಿನ ವ್ಯವಸ್ಥೆಯಲ್ಲಿ ವಿದ್ಯುತ್ತು ಅರ್ಧವಾಗುವುದರಿಂದ ನಷ್ಟ ಇನ್ನೂ ಕಡಿಮೆ. ಪರಿವರ್ತಕವನ್ನು ಬಳಸುವವರು ಅದನ್ನು ಲಾರಿಯ ಮುಂಭಾಗದಲ್ಲಿಡದೆ ಹಿಂಬದಿಯ ಸಾಕೆಟ್ಟಿನ ಸಮೀಪದಲ್ಲಿಡಬೇಕು ಎನ್ನುವುದು ಇದೇ ಕಾರಣಕ್ಕೆ.

ಪ್ರತಿಯೊಂದು ದೀಪದ ಸಾಲಿಗೂ ತಕ್ಕ ಫ್ಯೂಸ್ ಇರಲಿ. ಕೇಬಲ್ಲು ತಿರುವಿನಲ್ಲಿ ಬಿಗಿಯಾಗದಷ್ಟು ಉದ್ದವಾಗಿಯೂ, ನೆಲಕ್ಕೆ ಉಜ್ಜದಷ್ಟು ಗಿಡ್ಡವಾಗಿಯೂ ಇರಲಿ.

ಫ್ಲಾಷರು ಮತ್ತು ಹೊಸ ಲಾರಿಗಳು

ಇಂಡಿಕೇಟರನ್ನು ಮಿನುಗಿಸುವ ಫ್ಲಾಷರು ಇಂತಿಷ್ಟೇ ಬಲ್ಬುಗಳೆಂದು ಲೆಕ್ಕ ಹಾಕಿ ಮಾಡಿದ್ದು. ಟ್ರೇಲರಿನ ಬಲ್ಬು ಸೇರಿದಾಗ ಮಿನುಗುವ ವೇಗ ಬದಲಾಗಬಹುದು. ಬಲ್ಬಿನ ಬದಲು ಎಲ್‌ಇಡಿ ಹಾಕಿದಾಗ ಭಾರ ಕಡಿಮೆಯಾಗಿ ಅತಿವೇಗವಾಗಿ ಮಿನುಗಬಹುದು. ಟ್ರೇಲರ್ ಸೇರಿಸಿ ಲೆಕ್ಕ ಹಾಕಿದ ಫ್ಲಾಷರುಗಳು ಪ್ರತ್ಯೇಕವಾಗಿ ದೊರೆಯುತ್ತವೆ.

ಇತ್ತೀಚಿನ ಲಾರಿಗಳಲ್ಲಿ ದೀಪಗಳನ್ನು ನಿಯಂತ್ರಿಸುವುದು ಎಲೆಕ್ಟ್ರಾನಿಕ್ ಘಟಕ. ಹಿಂದೀಪದ ತಂತಿಯ ಸಿಪ್ಪೆ ಸುಲಿದು ಮತ್ತೊಂದು ತಂತಿಯನ್ನು ಸುತ್ತುವ ಹಳೆಯ ಪದ್ಧತಿ ಇಲ್ಲಿ ಅಪಾಯಕಾರಿ. ತಯಾರಕರು ಕೊಟ್ಟ ಟ್ರೇಲರ್ ಸಾಕೆಟ್ಟಿದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ ಅಧಿಕೃತ ಸೇವಾ ಕೇಂದ್ರದಲ್ಲಿ ರಿಲೇ ಮೂಲಕ ಜೋಡಿಸಿಕೊಳ್ಳಬೇಕು. ತಂತಿ ಕತ್ತರಿಸಿದ ಕಾರಣಕ್ಕೆ ವಾರಂಟಿ ನಿರಾಕರಿಸಲ್ಪಟ್ಟರೆ ವಾದಿಸುವುದು ಕಷ್ಟ.

ಹೊರಡುವ ಮುನ್ನ

ಎಂಜಿನ್ ಚಾಲೂ ಇಟ್ಟು, ಒಬ್ಬ ಕ್ಯಾಬಿನ್ನಿನಲ್ಲಿ, ಇನ್ನೊಬ್ಬ ಹಿಂದೆ ನಿಂತು ಪರೀಕ್ಷಿಸಬೇಕು. ಹಿಂದೀಪ, ಬ್ರೇಕ್, ಎಡ, ಬಲ ಇವನ್ನು ಒಂದೊಂದಾಗಿ ನೋಡಿದ ಮೇಲೆ, ಹಿಂದೀಪ ಹಾಕಿರುವಾಗಲೇ ಬ್ರೇಕ್ ಒತ್ತಿ ಇಂಡಿಕೇಟರನ್ನೂ ಹಾಕಿ ನೋಡಬೇಕು. ಅರ್ಥಿನ ದೋಷ ಬಯಲಾಗುವುದು ಎಲ್ಲವೂ ಒಟ್ಟಿಗೆ ಹತ್ತಿದಾಗಲೇ. ಕನಿಷ್ಠ ಐದು ನಿಮಿಷ ದೀಪ ಉರಿಯಲಿ. ಹತ್ತು ಕಿಲೋಮೀಟರ್ ಹೋದ ಬಳಿಕ ಒಮ್ಮೆ ನಿಲ್ಲಿಸಿ ನೋಡುವ ಅಭ್ಯಾಸವನ್ನು ಚಾಲಕರಿಗೆ ಕಲಿಸಬೇಕು. ಮೇಲಿನ ಪ್ರಸಂಗದಲ್ಲಿ ಚಾಲಕ ಒಮ್ಮೆ ಇಳಿದು ನೋಡಿದ್ದರೆ ಸಾಕಾಗಿತ್ತು.

ವಿಮೆ ಮತ್ತು ಲೆಕ್ಕ

ವಾಣಿಜ್ಯ ವಾಹನಗಳ ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಕೆಟ್ಟ ವಾಹನಗಳನ್ನು ಎಳೆಯುವ ಕುರಿತು ಪ್ರತ್ಯೇಕ ವಿಭಾಗವಿರುತ್ತದೆ. ಕೆಟ್ಟ ವಾಹನವೊಂದನ್ನು ಎಳೆಯುವಾಗಲೂ ಲಾರಿಯ ಪಾಲಿಸಿ ಜಾರಿಯಲ್ಲಿರುತ್ತದೆ. ಆದರೆ ಎರಡು ಷರತ್ತುಗಳಿವೆ. ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಎಳೆಯುತ್ತಿರಬಾರದು. ಎಳೆಯಲ್ಪಡುವ ವಾಹನಕ್ಕೂ ಅದರೊಳಗಿನ ಸರಕಿಗೂ ಆಗುವ ನಷ್ಟಕ್ಕೆ ವಿಮಾ ಕಂಪನಿ ಹೊಣೆಯಲ್ಲ. ನೆರೆಯವರ ಕಾರನ್ನು ಐನೂರು ರೂಪಾಯಿ ಡೀಸೆಲ್ ಖರ್ಚು ಪಡೆದು ಎಳೆದುಕೊಟ್ಟರೂ ಮೊದಲ ಷರತ್ತಿನ ಬಗ್ಗೆ ತಕರಾರು ಏಳಬಹುದು. ಟ್ರೇಲರಿಗೆ ಈ ವಿಭಾಗ ಅನ್ವಯಿಸುವುದಿಲ್ಲ. ಅದನ್ನು ಪಾಲಿಸಿಯಲ್ಲಿ ನಮೂದಿಸಿ ಪ್ರೀಮಿಯಂ ಕಟ್ಟಿರಬೇಕು. ನವೀಕರಣದ ಸಮಯದಲ್ಲಿ ಟ್ರೇಲರಿನ ಹೆಸರು ಪಾಲಿಸಿಯಲ್ಲಿ ಇದೆಯೇ ಎಂದು ಸದಸ್ಯರು ಸ್ವತಃ ಓದಿ ನೋಡಬೇಕು.

ಹಿಂದೀಪವಿಲ್ಲದಿರುವುದು ಅಪಘಾತ ಪರಿಹಾರದ ವಿಚಾರಣೆಯಲ್ಲಿ ನಿರ್ಲಕ್ಷ್ಯದ ಪುರಾವೆಯಾಗಿ ಬರುತ್ತದೆ. ಸಾವು ಸಂಭವಿಸಿದರೆ ವಿಷಯ ಕ್ರಿಮಿನಲ್ ನ್ಯಾಯಾಲಯಕ್ಕೂ ಹೋಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದವರಿಗೆ ಐದು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದು.

ಲೆಕ್ಕಪತ್ರದ ಮಾತಿಗೆ ಬರುವುದಾದರೆ, ದೀಪ, ಕೇಬಲ್ಲು, ಸಾಕೆಟ್ಟುಗಳನ್ನು ಬದಲಿಸಿದ ಖರ್ಚು ಸಾಮಾನ್ಯ ದುರಸ್ತಿ ವೆಚ್ಚ. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವೆಂದು ಕಳೆಯಲು ಬರುವುದಿಲ್ಲ. ಮೂರನೆಯವರಿಗೆ ಕೊಟ್ಟ ಪರಿಹಾರ ಇವೆರಡಕ್ಕಿಂತಲೂ ಬೇರೆಯಾದ ಬಾಬತ್ತು. ಅದನ್ನು ಅದರ ಹೆಸರಿನಲ್ಲಿಯೇ, ಪತ್ರಗಳ ಸಮೇತ ಬರೆದಿಡಬೇಕು. ‘ವಾಹನ ದುರಸ್ತಿ’ ಎಂದು ಬರೆದು ಮುಚ್ಚಿಟ್ಟರೆ ಅಧಿಕಾರಿಗಳ ಮುಂದೆ ಇಡೀ ನಗದು ಪುಸ್ತಕದ ವಿಶ್ವಾಸಾರ್ಹತೆಯೇ ಹೋಗುತ್ತದೆ. ಖಾಸಗಿಯಾಗಿ ಹಣ ಕೊಟ್ಟ ಮಾತ್ರಕ್ಕೆ ಗಾಯಾಳುವಿನ ಕಾನೂನುಬದ್ಧ ಹಕ್ಕು ಮುಗಿದುಹೋಗುವುದಿಲ್ಲ ಎಂಬುದೂ ನೆನಪಿರಲಿ.

ಆ ವರ್ತಕರ ಪುಸ್ತಕದಲ್ಲಿ ನಮೂದನ್ನು ಸರಿಪಡಿಸಲಾಯಿತು. ಟ್ರೇಲರಿನ ನೋಂದಣಿಯಾಯಿತು, ವಿಮೆಯಾಯಿತು, 24 ವೋಲ್ಟಿನ ದೀಪಗಳು ಬಂದವು. ಇವೆಲ್ಲಕ್ಕೂ ಸೇರಿ ಆದ ಖರ್ಚು ಆಸ್ಪತ್ರೆಯ ಬಿಲ್ಲಿನ ಒಂದು ಸಣ್ಣ ಪಾಲಿನಷ್ಟೂ ಇರಲಿಲ್ಲ. ಯುವಕ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿದಿದೆ. ಸದಸ್ಯ ಬಾಂಧವರು ತಮ್ಮ ಟ್ರೇಲರುಗಳನ್ನು ಈ ವಾರವೇ ಒಂದು ಸಂಜೆ, ಕತ್ತಲಾದ ಮೇಲೆ, ನೂರೈವತ್ತು ಹೆಜ್ಜೆ ಹಿಂದೆ ನಿಂತು ನೋಡಬೇಕೆಂದು ವಿನಂತಿ.